ಗೇಟಿನಲ್ಲಿ ಹದಿನೈದು ದಿನ

ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲೂ ಬಾರದು.

ಇಳಕಲ್ಲಿನಲ್ಲಿ ನನ್ನದೊಂದು ಸಣ್ಣ ದವಾಖಾನೆ. ಕುರ್ಚಿಯ ಹಿಂದಿನ ಗೋಡೆಗೆ ‘ದಿನಾಲೂ ನಡೆಯಿರಿ’ ಎಂಬ ಬೋರ್ಡು. ಅದಕ್ಕೆ ಬೆನ್ನು ಕೊಟ್ಟು ಕೂತು ಕೂತು ಹೊಟ್ಟೆ ಟೇಬಲ್ಲಿಗೆ ತಾಗುತ್ತಿತ್ತು. ಮಧ್ಯಾಹ್ನದ ಊಟ ತಪ್ಪಿದರೆ ಡ್ರಾವರಿನಲ್ಲಿ ಅಮೀನಗಡದ ಕರದಂಟು. ಎರಡು ಓಣಿ ಆಚೆಯ ಮನೆಗೂ ಸ್ಕೂಟರೇ.

ಒಬ್ಬ ನೇಕಾರ ಕಾಕಾ ಬರುತ್ತಿದ್ದರು. ಹಗಲಿಡೀ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವರು. ಹಳೆಯ ಸಕ್ಕರೆ ಕಾಯಿಲೆ. ಬೆಳಿಗ್ಗೆ ಬೂಟು ಹಾಕಿಕೊಂಡು ನಡೆಯಿರಿ ಎಂದೆ. ನಾಚಿಕೊಂಡರು.

“ಮಗ್ಗಾ ಬಿಟ್ಟು ಸುಮ್ಮನ ಅಡ್ಡಾಡಿದ್ರ ಮಂದಿ ನಗತಾರ್ರಿ ಸಾಹೇಬ್ರ.”

“ನಾ ದಿನಾ ನಡೀತೇನಿ, ನನ್ನ ನೋಡಿ ಯಾರ ನಗತಾರ? ನಾಳೆ ಆರಕ್ಕ ಸಾಲಿ ಗ್ರೌಂಡಿನ ಗೇಟಿಗೆ ಬರ್ರಿ ಕಾಕಾ, ಕೂಡೇ ಹೋಗೋಣು.”

ಹಸಿ ಸುಳ್ಳು. ಆ ಗ್ರೌಂಡು ನೋಡಿ ಎಷ್ಟು ವರ್ಷವಾಗಿತ್ತೋ. ಮರುದಿನ ಆರಕ್ಕೆ ನಾನು ಗೊರಕೆ ಹೊಡೆಯುತ್ತಿದ್ದೆ. ಎದ್ದಾಗ ಆಡಿದ ಮಾತು ಮರೆತೇ ಹೋಗಿತ್ತು.

ಮೂರು ವಾರದ ಮೇಲೆ ಕಾಕಾ ಹೆಂಡತಿಯ ಜೊತೆ ಬಂದರು. ಬಲಗಾಲಿನ ಹೆಬ್ಬೆರಳು ಕಪ್ಪಗಾಗಿ ಕೀವು ಸೋರುತ್ತಿತ್ತು. ನಾನು ಹೌಹಾರಿ, ಹೊರಗೆ ಕೂತವರಿಗೆಲ್ಲ ಕೇಳುವಂತೆ ಒದರಿದೆ: “ನಡೀರಿ ಅಂದ್ರ ನಡಿಯಂಗಿಲ್ಲ, ಕಾಲ ನೋಡ್ಕೊಳ್ಳಂಗಿಲ್ಲ. ನಿಮಗೆಲ್ಲಾ ಹೇಳಿ ಹೇಳಿ ಸಾಕಾತು!”

ಕಾಕಾ ತಲೆ ತಗ್ಗಿಸಿದರು. ಹೆಂಡತಿ ತಗ್ಗಿಸಲಿಲ್ಲ. ಚೀಲದಿಂದ ಹೊಸ ಬೂಟು ತೆಗೆದು ನನ್ನ ಟೇಬಲ್ಲಿನ ಮೇಲೆ ಕುಕ್ಕಿದರು.

“ನಿಮ್ಮ ಸಂಗಾಟ ನಡಿಯಾಕಂತ ತಂದಿದ್ರು. ಇವತ್ತ ಬರ್ತಾರ, ನಾಳೆ ಬರ್ತಾರ ಅಂತ ಹದಿನೈದು ದಿನ ಗೇಟಿನ್ಯಾಗ ನಿಂತ ನಿಂತ ಬಂದಾರ. ತಳಾ ನೋಡ್ರಿ, ಸವದೈತೇನ?”

ಸವೆದಿರಲಿಲ್ಲ. ಬಿಗಿ ಬೂಟು ಬೆರಳು ಕಚ್ಚಿದ್ದು ಕಾಕಾಗೆ ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿಗೆ ನೋವು ಗೊತ್ತಾಗುವುದಿಲ್ಲ. ನನಗದು ಗೊತ್ತಿತ್ತು. ಒಂದೇ ಒಂದು ದಿನ ಜೊತೆಗೆ ಹೋಗಿದ್ದರೂ ಆ ಬೂಟು ನನ್ನ ಕಣ್ಣಿಗೆ ಬೀಳುತ್ತಿತ್ತು. ಬಾಗಲಕೋಟೆಗೆ ಕಳಿಸಿದೆ, ಅಲ್ಲಿ ಬೆರಳು ತೆಗೆದರು. ಮಗ್ಗ ತುಳಿಯುವ ಕಾಲಿನ ಬೆರಳು.

ಗಾಯ ಮಾಯ್ದು ಅವರು ಮತ್ತೆ ಮಗ್ಗಕ್ಕೆ ಇಳಿದ ಮೇಲೆ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ, ನಡೆದೇ. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು, “ಕಾಕಾನ್ನ ಗ್ರೌಂಡಿಗೆ ಕರಕೊಂಡ ಹೋಗಾಕ ಬಂದೇನಿ” ಎಂದೆ. ಒಳಗೆ ಮಗ್ಗದ ಸದ್ದು ನಿಂತಿತು. ಹೆಂಡತಿ ಹೊಸ್ತಿಲು ಬಿಟ್ಟು ಸರಿಯಲಿಲ್ಲ.

“ಮದ್ಲ ನೀವು ಒಂದ ತಿಂಗಳ ತಪ್ಪದಂಗ ನಡೀರಿ. ಆಮ್ಯಾಲ ಬಂದ ತೋರಸ್ರಿ.”

ಚೀಟಿ ಬರೆದು ಎಲ್ಲರಿಗೂ ನಾನು ಹೇಳುವ ಮಾತದು. ಮೈಯೆಲ್ಲ ಉರಿಯಿತು. ಅಲ್ಲಿಂದ ನೇರ ಗ್ರೌಂಡಿಗೆ ಹೋದೆ.

ಇವತ್ತಿಗೆ ಹನ್ನೊಂದು ದಿನ. ಅವರು ನನಗಾಗಿ ಕಾದಷ್ಟು ದಿನವೂ ಇನ್ನೂ ಆಗಿಲ್ಲ.