ಸೇಫ್ಟಿ ಆಫೀಸರ್ ಕಾರಿನ ತಣ್ಣನೆಯ ಹೀಟರ್

ಹೈವೇಯಲ್ಲಿ ಯವತ ಎಂಬ ಊರು ದಾಟಿದ್ದೆವು. ಪಕ್ಕದ ಸೀಟಿನಲ್ಲಿದ್ದ ಶಾಂತಕ್ಕ ತಮ್ಮ ಶಾಲು ತೆಗೆದು ನನ್ನ ಕಾರಿನ ಹೀಟರ್ ಕಿಂಡಿಗೆ ಹೊದಿಸಿದರು.

"ಪಾಪ, ಇದಕ್ಕ ನಮಗಿಂತ ಭಾಳ ಥಂಡಿ ಆಗ್ಯದ ನೋಡ್ರಿ."

ನಾವು ಮೂವರು ದಿನಾ ಬೆಳಗ್ಗೆ ವಿಮಾನ ನಗರದಿಂದ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಗೆ ನನ್ನ ಕಾರಿನಲ್ಲೇ ಹೋಗುತ್ತೇವೆ. ಧಾರವಾಡದ ಶಾಂತಕ್ಕ ಲ್ಯಾಬಿನವರು. ಬೆಳಗಾವಿಯ ಪಾಟೀಲರು ಮೆಂಟೆನೆನ್ಸ್.

ನಾನು ಸೇಫ್ಟಿ ಆಫೀಸರ್. ಅಂದರೆ ಆರು ವರ್ಷದಿಂದ ಪ್ರತಿ ದಿನ ಶಿಫ್ಟ್ ಶುರುವಾಗುವ ಮೊದಲು ಗೇಟಿನ ಬಳಿ ನಿಂತು, ಪರ್ಮಿಟ್ ಕೇಳದೆ ಏನನ್ನೂ ಬಿಚ್ಚಬೇಡಿ, ಬೈಪಾಸ್ ಮಾಡಬೇಡಿ ಎಂದು ಎಲ್ಲರ ತಲೆ ತಿನ್ನುವವನು.

ಈ ಚಳಿಗಾಲದಲ್ಲಿ ನನ್ನ ಹೀಟರ್ ಫುಲ್ ಇಟ್ಟರೂ ಯಾರೋ ಬಾಯಿಂದ ಊದಿದಷ್ಟೇ ಬಿಸಿ.

ಫ್ಯಾಕ್ಟರಿಯವರಿಗೆ ಕಾರೂ ಒಂದು ಪ್ಲಾಂಟೇ. ಪಾಟೀಲರು ಇದು ಆಪರೇಟರ್ ತಪ್ಪು ಎಂದರು, ಅಂದರೆ ನನ್ನದು. ನಾನು ಇದು ಮೆಂಟೆನೆನ್ಸ್ ಸಮಸ್ಯೆ ಎಂದೆ. ಶಾಂತಕ್ಕ ಇಬ್ಬರನ್ನೂ ಬಿಟ್ಟು ಒಂದು ಡೈರಿ ತೆಗೆದು ರೀಡಿಂಗ್ ಬರೆಯತೊಡಗಿದರು. ಹತ್ತು ನಿಮಿಷಕ್ಕೊಮ್ಮೆ, ಟೆಂಪರೇಚರ್ ಮುಳ್ಳು ಎಲ್ಲಿದೆ, ಗಾಳಿ ಹೇಗಿದೆ.

ಮೂರು ದಿನದ ರೀಡಿಂಗ್ ನೋಡಿ ಪಾಟೀಲರಿಗೆ ಹೊಳೆಯಿತು. ಹಡಪ್ಸರದ ಟ್ರಾಫಿಕ್‌ನಲ್ಲಿ ನಿಂತಾಗ ಗಾಳಿ ಸ್ವಲ್ಪ ಬೆಚ್ಚಗೆ. ಹೈವೇಗೆ ಬಿದ್ದ ಕೂಡಲೇ ಮುಳ್ಳು ಕೆಳಗೆ, ಗಾಳಿ ತಣ್ಣಗೆ.

"ಹೀಟರ್ ಕೆಟ್ಟಿಲ್ರಿ. ಎಂಜಿನ್ನ ಬಿಸಿ ಆಗವಲ್ದು. ಅದು ಬಿಸಿ ಆಗೋತನಾ ನೀರು ರೇಡಿಯೇಟರ್‌ಗೆ ಹೋಗದಂಗ ತಡಿಲಿಕ್ಕೆ ಒಂದು ಥರ್ಮೋಸ್ಟಾಟ್ ಇರ್ತದ. ಅದನ್ನ ಯಾರೋ ತಗದಾರ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ... ನಾನು ಮುಟ್ಟಿಕೊಳ್ಳಲಿಲ್ಲ, ಕೈ ಸ್ಟೀರಿಂಗ್ ಮೇಲಿತ್ತು.

ತೆಗೆಸಿದವನು ನಾನೇ. ಮೇ ತಿಂಗಳಲ್ಲಿ ಕಾರು ಕುದಿದು ನಿಂತಾಗ, ಅದು ಜಾಮ್ ಆಗಿದೆ, ಹೊಸದು ತರಿಸಲು ಎರಡು ದಿನ ಬೇಕು ಎಂದು ಫ್ಯಾಕ್ಟರಿ ಹತ್ತಿರದ ದೌಂಡದ ಗ್ಯಾರೇಜಿನವರು ಹೇಳಿದ್ದರು. ತೆಗೆದುಬಿಡಿ, ಸದ್ಯಕ್ಕೆ ಓಡಲಿ ಎಂದಿದ್ದೆ. ಆ ಸದ್ಯಕ್ಕೆ ಈಗ ಏಳು ತಿಂಗಳು.

ಆಗಲೇ ಹೇಳಿಬಿಡಬೇಕಿತ್ತು. ಹೇಳಿದರೆ ನಾಳೆಯಿಂದ ಗೇಟಿನಲ್ಲಿ ನನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತು ಇರುವುದಿಲ್ಲ ಅನ್ನುವ ಹೆದರಿಕೆ. ಹಾಗಾಗಿ ಪಾಟೀಲರ ಜೊತೆ ಸೇರಿ ಆ "ಯಾರೋ" ಒಬ್ಬನಿಗೆ ಕುರಕುಂಭದವರೆಗೂ ಬೈದೆ. ಪಾಟೀಲರಿಗಿಂತ ಜೋರಾಗಿಯೇ ಬೈದೆ.

ಮರುದಿನ ಶಾಂತಕ್ಕ ಮೆಲ್ಲಗೆ, "ಸೋಮವಾರದಿಂದ ನಾ ಕಂಪನಿ ಬಸ್ಸಿಗೆ ಬರ್ತೀನ್ರಿ. ಲ್ಯಾಬಿಗೆ ಹೋದ ಮ್ಯಾಲೆ ಅರ್ಧಾ ತಾಸು ಬೆರಳ ಮಡಚಂಗಿಲ್ಲ" ಎಂದರು. ಅದರಲ್ಲಿ ಚೇಷ್ಟೆ ಇರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವತ್ತೇ ಸಂಜೆ ಮೂವರೂ ಮನೆಗೆ ಹೊರಟಾಗ ಕಾರನ್ನು ಸೀದಾ ದೌಂಡದ ಅದೇ ಗ್ಯಾರೇಜಿಗೆ ತಿರುಗಿಸಿದೆ. ದಿನಕ್ಕೆ ಅಷ್ಟೊಂದು ಗಾಡಿ ನೋಡುವ ಮೆಕ್ಯಾನಿಕ್‌ಗೆ ನನ್ನ ನೆನಪು ಎಲ್ಲಿರುತ್ತದೆ ಅನ್ನುವ ಧೈರ್ಯ.

ಅವನು ಬಾನೆಟ್ ಎತ್ತುವ ಮೊದಲೇ ನಕ್ಕ. ಹೊಸದು ಹಾಕಿಸಿಕೊಳ್ಳಿ ಅಂತ ಅವತ್ತೇ ಹೇಳಿದ್ದೆನಲ್ಲ ಸಾಹೇಬ, ನೀವೇ ಬೇಡ ಅಂದಿರಿ ಎಂದು ಮರಾಠಿಯಲ್ಲಿ ಪೂರ್ತಿ ಕಥೆ ಬಿಚ್ಚಿಟ್ಟ. ಶಾಂತಕ್ಕ, ಪಾಟೀಲ್ ಇಬ್ಬರಿಗೂ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ.

ಪಾಟೀಲರು ಆಕಾಶ ನೋಡಿದರು. ಶಾಂತಕ್ಕ ಬಿಡಲಿಲ್ಲ.

"ಪುರಾಣ ಹೇಳಾಕ, ಬದ್ನಿಕಾಯಿ ತಿನ್ನಾಕ ಅಂತಾರಲ್ರಿ... ಪರ್ಮಿಟ್ ತಗೊಂಡು ಬಿಚ್ಚಿಸಿದ್ರೇನ್ರಿ ಸಾಹೇಬ್ರ?"

ಈ ಸಲ ಪೇಟೆಯಲ್ಲೇ ಹೊಸ ಥರ್ಮೋಸ್ಟಾಟ್ ಸಿಕ್ಕಿತು. ಅದನ್ನು ಕೂರಿಸಿ, ಕೂಲಂಟ್ ತುಂಬಿ, ಪೈಪಿನಲ್ಲಿದ್ದ ಗಾಳಿ ತೆಗೆದರು, ಅಷ್ಟೇ ಕೆಲಸ. ವಾಪಸ್ ಬರುವಾಗ ಯವತ ಬರುವ ಮೊದಲೇ ಶಾಂತಕ್ಕ ಹೀಟರ್ ಕಡಿಮೆ ಮಾಡಿಸಿದರು. ನನಗಂತೂ ಗ್ಯಾರೇಜಿನಿಂದಲೇ ಬೆವರು.

ಮರುದಿನ ಬೆಳಗ್ಗೆ ಗೇಟಿನಲ್ಲಿ ನೋಡುತ್ತೇನೆ, ಇಬ್ಬರೂ ಮುಂದಿನ ಸಾಲಿನಲ್ಲೇ ನಿಂತಿದ್ದಾರೆ. ನನ್ನ ಅಂದಿನ ವಿಷಯ ಕೈಗವಸು. ಬರೆದುಕೊಂಡಿದ್ದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿ, ಕಾರಿನ ಕಥೆಯನ್ನು ಏನೂ ಬಿಡದೆ ಹೇಳಿದೆ. ಬೈದಿದ್ದನ್ನೂ ಹೇಳಿದೆ. ಎಲ್ಲರೂ ಹೊಟ್ಟೆ ತುಂಬ ನಕ್ಕರು.

ಎಲ್ಲರೂ ಹೋದ ಮೇಲೆ ಶರಣಪ್ಪ ಒಬ್ಬರೇ ನಿಂತಿದ್ದರು. ಸೇಡಂ ಕಡೆಯವರು, ನಾನು ಸೇರುವ ಮೊದಲಿನಿಂದಲೂ ಅಲ್ಲಿ ಪಂಪ್ ನೋಡಿಕೊಳ್ಳುವವರು. ಹೆಲ್ಮೆಟ್ ಕೈಯಲ್ಲಿ ತಿರುಗಿಸುತ್ತಾ ಹೇಳಿದರು.

"ಸರ್, ನಂದೂ ಒಂದ್ ಅದರಿ. ಮೂರನೇ ಪಂಪಿನ ಅಲಾರಂ ಸುಮ್‌ಸುಮ್ನೆ ಬಡಕೊಂತಿತ್ತು... ವೈರ್ ಬಿಚ್ಚಿಟ್ಟೀನ್ರಿ."

ಮಧ್ಯಾಹ್ನದೊಳಗೆ ಪಾಟೀಲರು ಅದನ್ನು ಸರಿ ಮಾಡಿಸಿದರು. ಶರಣಪ್ಪನವರಿಗೆ ಯಾರೂ ಏನೂ ಅನ್ನಲಿಲ್ಲ, ಅನ್ನಲು ನಾನು ಬಿಡಲಿಲ್ಲ.

ಆರು ವರ್ಷದಿಂದ ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು... ಅವರಲ್ಲೊಬ್ಬರು ನನಗೆ ಹೇಳಿದ್ದು ಇದೇ ಮೊದಲು.