ಸೋಮಕ್ಕ ಬೇಡವೆಂದ ನಾಲ್ಕು ಚಕ್ರ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ನಿಂತಿದೆ. ಹಟ್ಟಿಕೇರಿ ಹೊಳೆಯ ಬದಿಯ ಗಜನಿಯಲ್ಲಿ, ಎಂದರೆ ಉಪ್ಪುನೀರಿನ ಅಂಚಿನ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತದ ಸಸಿಗಳು ಕುತ್ತಿಗೆವರೆಗೆ ನೀರಲ್ಲಿ ನಿಂತಿವೆ. ಗದ್ದೆಗೂ ಹೊಳೆಗೂ ನಡುವೆ ಉದ್ದಕ್ಕೆ ಮಲಗಿರುವುದು ಮಣ್ಣಿನ ಕಟ್ಟೆ. ಅದರ ದೂರದ ತುದಿಯಲ್ಲಿ ಎರಡು ಕಲ್ಲುಕಂಬಗಳು, ಅವುಗಳಲ್ಲಿ ಕೊರೆದ ಸೀಳಿನಲ್ಲಿ ಒಂದರ ಮೇಲೊಂದು ಕೂತ ಮರದ ಹಲಗೆಗಳು. ಈ ಬಾಗಿಲಿಗೆ ಇಲ್ಲಿಯವರು ಜಂತ್ರಡಿ ಎನ್ನುತ್ತಾರೆ. ಪಕ್ಕದ ಪುಟ್ಟ ಗುಡಿಸಲಿನ ಹೊಸ್ತಿಲಲ್ಲಿ ಸೋಮಿ ಗೌಡ, ಊರವರ ಸೋಮಕ್ಕ, ಕಾಲು ಚಾಚಿ ಕೂತು ನೀರಿನ ಸದ್ದು ಆಲಿಸುತ್ತಿದ್ದಾರೆ.

ಕಡಲು ದಿನಕ್ಕೆರಡು ಸಲ ಹೊಳೆಯ ಮನೆಗೆ ನೆಂಟಸ್ತಿಕೆಗೆ ಬರುತ್ತದೆ. ಬಂದ ನೆಂಟ ಅಂಗಳದಲ್ಲೇ ಕೂತು ಹೋಗಬೇಕು, ಗದ್ದೆಯ ಒಳಮನೆಗೆ ನುಗ್ಗಬಾರದು. ಅದಕ್ಕೆ ಭರತದಲ್ಲಿ, ಕಡಲು ಏರುವಾಗ, ಹಲಗೆ ಇಳಿಸಬೇಕು. ಇಳಿತದಲ್ಲಿ ಹಲಗೆ ಎತ್ತಿ ಗದ್ದೆಯ ಮಳೆನೀರನ್ನು ಹೊಳೆಗೆ ಬಿಡಬೇಕು. ಊರಿನ ಇಷ್ಟೂ ಮನೆಗಳ ಅನ್ನ ಆ ಬಾಗಿಲಿನ ಮೇಲೆ ನಿಂತಿದೆ. ಮದುವೆಯಾಗಿ ಬಂದ ವರ್ಷದಿಂದ ಸೋಮಕ್ಕ ಮತ್ತು ಗಂಡ ಬೀರಾ ಗೌಡ ಅದನ್ನು ಕಾಯುತ್ತಿದ್ದಾರೆ.

ಕಟ್ಟೆಯ ಆ ತುದಿಯಲ್ಲಿ ಒಂದು ಬ್ಯಾಟರಿ ದೀಪ ಕಾಣಿಸಿಕೊಳ್ಳುತ್ತದೆ. ಸೋಮಕ್ಕ ಕಣ್ಣು ಕಿರಿದು ಮಾಡಿ ಅದನ್ನೇ ನೋಡುತ್ತಾರೆ. ದೀಪ ತೂಗುತ್ತ, ನಿಲ್ಲುತ್ತ, ಮತ್ತೆ ತೂಗುತ್ತ ಹತ್ತಿರವಾಗುತ್ತದೆ. ದೀಪದ ಹಿಂದೆ ಕಂಬಳಿಕೊಪ್ಪೆ, ಕೊಪ್ಪೆಯೊಳಗೆ ಬೀರಾ.

"ಚಾ ಇತ್ತಾ?"

"ಮೊದ್ಲು ಹಲಗೆ. ನೀರು ಇಳೂಕೆ ಹಿಡ್ದು ಆಗ್ಲೇ ಹೊತ್ತಾಯ್ತು."

ಸೋಮಕ್ಕ ಕಂಬ ಹಿಡಿದು ಏಳುತ್ತಾರೆ. ಹಲಗೆಯ ಈ ತುದಿಗೆ ಅವರ ಕೈ, ಆ ತುದಿಗೆ ಬೀರಾರ ಕೈ. ಯಾರೂ ಒಂದು ಎರಡು ಎಣಿಸುವುದಿಲ್ಲ, ಹುಂ ಎನ್ನುವುದೂ ಇಲ್ಲ. ಇಬ್ಬರ ಉಸಿರೂ ಒಟ್ಟಿಗೆ ನಿಲ್ಲುತ್ತದೆ, ಹಲಗೆ ಬೆಣ್ಣೆಯಿಂದ ಕೂದಲು ತೆಗೆದಂತೆ ಮೇಲೆ ಬರುತ್ತದೆ. ಒಂದು ತುದಿ ಕೂದಲೆಳೆಯಷ್ಟು ಮೊದಲು ಎದ್ದರೂ ಅದು ಸೀಳಿನಲ್ಲಿ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಎಳೆದರೂ ಇಲ್ಲ, ಬಡಿದರೂ ಇಲ್ಲ.

ಹಾಗೆ ಕಚ್ಚಿಕೊಂಡದ್ದು ಹೋದ ಮಳೆಗಾಲದಲ್ಲಿ. ಸೋಮಕ್ಕ ಎರಡೂ ಮೊಣಕಾಲು ಊದಿ, ಕಟ್ಟೆಯ ಅರ್ಧಕ್ಕೇ ಕೂತುಬಿಟ್ಟಿದ್ದರು. ಅವರ ಬದಲಿಗೆ ಬಂದವನು ನೆರೆಮನೆಯ ಜಟ್ಟು, ಎತ್ತಿನಂಥ ಆಳು.

"ನಂಗೆ ಶಕ್ತಿ ಕಮ್ಮಿಯಾ ಹೇಳಿ?" ಎಂದು ಜಟ್ಟು ಇವತ್ತಿಗೂ ಕೇಳುತ್ತಾನೆ. "ಬೀರಣ್ಣ ಇನ್ನೂ ಬಗ್ಗೂಕಿಲ್ಲ, ನಾ ಎತ್ತೇ ಬಿಟ್ಟೆ. ಅದೇ ತಪ್ಪಾದ್ದು."

ಅರ್ಧ ಎತ್ತಿದ ಹಲಗೆ ಓರೆಯಾಗಿ ನಿಂತಿತು. ಅದನ್ನು ಬಿಡಿಸುವುದರೊಳಗೆ ಭರತ ಬಂತು. ಕೆಳಗಿನ ಗದ್ದೆಗಳ ಎಳೆ ಸಸಿ ಉಪ್ಪು ಕುಡಿದು ಹಳದಿಯಾಯಿತು. ಬೈದವರು ಯಾರೂ ಇಲ್ಲ. ಆದರೆ ಬೇಸಿಗೆಯಲ್ಲಿ ಗಜನಿಯ ರೈತರೆಲ್ಲ ಕೂತಾಗ ಹಿರಿಯರಾದ ಶಿವಾನಂದ ನಾಯಕರು ಮೆಲ್ಲಗೆ ಮಾತು ತೆಗೆದರು: "ಸೋಮಿ, ನೀ ಮಾಡಿದ್ದು ನಾವ್ಯಾರೂ ಮರೂದಿಲ್ಲ. ಮಳೆ ಹಿಡೂದ್ರೊಳಗೆ ಬ್ಯಾರೆ ಜೋಡಿ ನೋಡ್ವ. ನೀ ಮನೇಲಿ ಆರಾಮ ಕೂತ್ಕ."

ಆರಾಮ ಎಂಬ ಮಾತು ಸೋಮಕ್ಕನಿಗೆ ಉಪ್ಪುನೀರಿನ ಹಾಗೆ ಬೇರಿಗೇ ಇಳಿಯಿತು. ಅವರು ಹೇಳುತ್ತಾರೆ: "ಕಾಲು ಹೋದ್ರೆ ಹೋಗ್ಲಿ. ಕೈ ಗಟ್ಟಿ ಇತ್ತಲ್ಲ? ಕೈಯನ್ನ ಅಲ್ಲಿಗೆ ಮುಟ್ಸೂದು ಹೆಂಗೆ, ಅಷ್ಟೇ ನನ್ ಚಿಂತೆ."

ಆ ಚಿಂತೆಗೆ ಬೀರಾ ಕಂಡುಕೊಂಡ ಉತ್ತರಕ್ಕೆ ನಾಲ್ಕು ಚಕ್ರಗಳಿದ್ದವು.

ಮೊಣಕಾಲು ತೋರಿಸಲು ಇಬ್ಬರೂ ಕಾರವಾರಕ್ಕೆ ಹೋಗಿದ್ದರು. ತಗ್ಗುದಿಣ್ಣೆಯಲ್ಲಿ ನಡೆಯಲೇ ಬಾರದು ಎಂದು ಡಾಕ್ಟರು ಹೇಳಿದ್ದರು. ಬಸ್ಸಿಗೆ ಹೊತ್ತಿತ್ತು, ಕಡಲ ದಂಡೆಯಲ್ಲಿ ಕೂತರು. ಅಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಮರಳಲ್ಲಿ ಓಡುವ ಗಾಡಿಗಳು. ದಪ್ಪ ಗಾಲಿ, ಮೋಟರ್ ಸೈಕಲ್ಲಿನಂಥ ಹ್ಯಾಂಡಲ್ಲು, ಒಬ್ಬರ ಹಿಂದೆ ಒಬ್ಬರು ಕೂರುವ ಇಬ್ಬರ ಸೀಟು. ಎಟಿವಿ ಅನ್ನುತ್ತಾರೆ ಎಂದು ತಿಳಿದದ್ದು ಆಮೇಲೆ. ಒಂದು ಗಾಡಿ ಮರಳ ದಿಬ್ಬ ಹತ್ತಿ, ಕೆಸರಿನ ತೋಡು ದಾಟಿ ಬಂದದ್ದನ್ನು ಬೀರಾ ಬಾಯಿ ಬಿಟ್ಟುಕೊಂಡು ನೋಡಿದರು. ಗಾಡಿಗಳ ಮಾಲಕ ಚಿತ್ತಾಕುಲದ ಮಂಗೇಶ ಹಳೆಯದೊಂದನ್ನು ಮಾರುವವನಿದ್ದ.

"ಮಾಮಾ, ಗೇರು ನಕೊ, ಕ್ಲಚ್ಚು ನಕೊ, ಎಂತದೂ ಬೇಡ. ಹೆಬ್ಬೆಟ್ಟು ಒತ್ತಿದ್ರೆ ಹೋಯ್ತು," ಎಂದ ಮಂಗೇಶ. "ಮಾಮಿನ ಹಿಂದೆ ಕೂರ್ಸಿ, ರಾಣಿ ಹಂಗೆ ಕರ್ಕಂಡು ಹೋಗಿ."

ಊರಲ್ಲಿ ಸುದ್ದಿ ಅವರಿಗಿಂತ ಮೊದಲೇ ಬಸ್ಸಿಳಿದಿತ್ತು. "ಬೀರಣ್ಣ, ಈ ವಯಸ್ಸಲ್ಲಿ ಹನಿಮೂನಾ?" ಎಂದು ಜಟ್ಟು ಕೆಣಕಿದ. ಹಾಲು ಕೊಡಲು ಹೋದರೂ ಅದೇ, ಹುಲ್ಲಿಗೆ ಹೋದರೂ ಅದೇ. ಸೊಸೆ ಸುನೀತಾ ಮಾತ್ರ ಖುಷಿಯಾಗಿ, ತನ್ನ ಸಂಘದಲ್ಲಿ ಸಾಲ ಕೇಳುವೆನೆಂದಳು. ಮಳೆ ಬೀಳುವ ಮುಂಚೆ ಒಮ್ಮೆ ಕಟ್ಟೆಯ ಮೇಲೆ ಓಡಿಸಿ ನೋಡಿ ತೀರ್ಮಾನ ಮಾಡುವುದು ಎಂದಾಯಿತು.

ಮಂಗೇಶ ಟೆಂಪೋದಲ್ಲಿ ಗಾಡಿ ತಂದ ದಿನ ಅರ್ಧ ಊರು ಕಟ್ಟೆಯ ಬುಡದಲ್ಲಿ ಸೇರಿತ್ತು. ಬೀರಾ ಮುಂದೆ, ಸೋಮಕ್ಕ ಹಿಂದೆ. ಗಾಲಿಯ ಎರಡೂ ಬದಿಗೆ ಒಂದೊಂದು ಅಂಗೈಯಷ್ಟು ಜಾಗ ಉಳಿದಿತ್ತು. ಗಾಡಿ ಹೊರಟಿತು. ಎಷ್ಟೋ ತಿಂಗಳ ಮೇಲೆ ಸೋಮಕ್ಕನ ಮುಖಕ್ಕೆ ಹೊಳೆಯ ಗಾಳಿ ತಾಗಿತು. ಅಜ್ಜಿಕತೆಯಲ್ಲಿ ಹಾರುವ ಕುದುರೆ ಏರಿದವರಿಗೆ ಹೀಗೇ ಆಗಿರಬೇಕು: ನೆಲದ ನೋವು ನೆಲದಲ್ಲೇ ಉಳಿದು, ಮೈ ಮಾತ್ರ ಮುಂದೆ ಹೋದಂತೆ. ದೂರದಲ್ಲಿ ಜಂತ್ರಡಿಯ ಕಂಬಗಳು ಕಂಡವು.

ಅರ್ಧ ದಾರಿಯಲ್ಲಿ ಅವರು ಗಂಡನ ಬೆನ್ನು ತಟ್ಟಿದರು. "ನಿಲ್ಸಿ."

"ಎಂತಾಯ್ತೇ? ನೋಯ್ತದಾ?"

"ನಂಗಲ್ಲ. ನಿಲ್ಸಿ ಅಂದೆ."

ಇಳಿದು, ಸೀಟು ಹಿಡಿದುಕೊಂಡು ಹಿಂದಕ್ಕೆ ನೋಡಿದರು. ಒಣಗಿದ ಬೇಸಿಗೆಯ ಕಟ್ಟೆಯ ಮೇಲೂ ಗಾಲಿಯ ಎರಡು ಗೆರೆ ಮೂಡಿತ್ತು. ಹೊಳೆಯ ಕಡೆಯ ಅಂಚಿನಲ್ಲಿ ಹಿಡಿ ಹಿಡಿ ಮಣ್ಣು ಜಾರಿ, ಏಡಿಯ ಬಿಲಗಳು ಬಾಯಿ ತೆರೆದಿದ್ದವು. ಈ ಕಟ್ಟೆ ಹೊರಗೆ ಗಟ್ಟಿ, ಒಳಗೆ ಪೊಳ್ಳು. ಪ್ರತಿ ವರ್ಷ ಹೊಳೆಯ ಕೆಸರು ತಂದು, ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬಿಲಕ್ಕೆ ಮೆತ್ತಿ, ಅಂಗೈಯಲ್ಲಿ ತಟ್ಟಿ ಮುಚ್ಚಬೇಕು. ಸೋಮಕ್ಕನ ಮೊಣಕಾಲು ಸವೆದದ್ದೇ ಹಾಗೆ.

"ಬ್ಯಾಸ್ಗೆಲೇ ಹಿಂಗೆ," ಎಂದರು ಅವರು. "ಮಳೇಲಿ ದಿನಾ ಎರಡು ಸಲ ಈ ಗಾಡಿ ಹೋದ್ರೆ ಕಟ್ಟೆ ಉಳೀತದಾ? ಬಾಗ್ಲು ಕಾಯೂಕೆ ಹೋಗಿ ಗೋಡೆನೇ ಒಡ್ದಂಗೆ ಆಗ್ತದೆ."

ಬೀರಾ ಹ್ಯಾಂಡಲ್ಲು ಬಿಡಲಿಲ್ಲ. "ಹಂಗಾರೆ ಜಂತ್ರಡಿ ಕೆಲ್ಸ ನಾನೂ ಬಿಡ್ತೆ," ಎಂದರು. "ನೀ ಇಲ್ದೆ ಹಲಗೆ ಏಳೂದಿಲ್ಲ." ಮದುವೆಯಾದಂದಿನಿಂದ ಅವರು ಹೆಂಡತಿಗೆ ಹೇಳಿದ ಮಾತುಗಳಲ್ಲಿ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಸೋಮಕ್ಕ ಕಂಬಗಳ ಕಡೆ ಕೈ ತೋರಿಸಿದರು. "ದಿನಾ ಹೋಗಿ ಬಂದ್ರೆ ತಾನೇ ಗಾಡಿ ಬೇಕು? ನಾ ಅಲ್ಲೇ ಇದ್ರೆ?"

ಮೊದಲು ಎದುರಾಡಿದವಳು ಸುನೀತಾ. "ಸೊಸೆ ಅತ್ತೆನ ಗಜನಿಲಿ ಬಿಟ್ಲು ಅಂತ ನಾಳೆ ಊರೆಲ್ಲ ಹೇಳ್ತ್ರು. ನಾ ಬಿಡೂದಿಲ್ಲ," ಎಂದು ಅತ್ತಳು. ಮೂರನೆಯ ದಿನ ಅತ್ತೆಯ ಕಂಬಳಿಯನ್ನು ತಾನೇ ಬಿಸಿಲಿಗೆ ಹಾಕಿದಳು. ಜಂತ್ರಡಿಯ ಬದಿಯ ಗುಡಿಸಲಿಗೆ ತೆಂಗಿನ ಮಡಲು ಹೆಣೆದವನು ಜಟ್ಟು. ಶಿವಾನಂದ ನಾಯಕರು ತಗಡು ಕಳಿಸಿ, ಬೇರೆ ಜೋಡಿಯ ಮಾತನ್ನು ಮತ್ತೆ ಎತ್ತಲಿಲ್ಲ. ಮೊದಲ ಮಳೆಯ ವಾರ, ತುಂಬು ಭರತದಲ್ಲಿ, ದೋಣಿಯೊಂದು ಸೋಮಕ್ಕನನ್ನು ಅಕ್ಕಿ, ಒಣಮೀನು, ಕಂಬಳಿಯ ಸಮೇತ ಜಂತ್ರಡಿಯ ಮೆಟ್ಟಿಲಿಗೇ ತಂದಿಳಿಸಿತು. ಜೀವನವಿಡೀ ತಡೆದು ನಿಲ್ಲಿಸಿದ ನೀರೇ ಅವರನ್ನು ಹೊತ್ತು ತಂದಿತು. ಕೊಯ್ಲಿನವರೆಗೆ ಇದೇ ಮನೆ.

ಮನೆಯಲ್ಲಿ ಹಸುವಿದೆ, ಆದ್ದರಿಂದ ಬೀರಾ ಹೋಗಿ ಬಂದು ಮಾಡುತ್ತಾರೆ. ನೆರೆ ಬರುವಂಥ ರಾತ್ರಿ ಮಾತ್ರ ಇಲ್ಲೇ ಉಳಿಯುತ್ತಾರೆ. ಒಬ್ಬರೇ ಇರಲು ಹೆದರಿಕೆಯಿಲ್ಲವೇ ಎಂದರೆ ಸೋಮಕ್ಕ ಎಲೆಯಡಿಕೆಯ ಬಾಯಲ್ಲಿ ನಗುತ್ತಾರೆ. "ಕಪ್ಪೆ ಇತ್ತು, ಏಡಿ ಇತ್ತು, ಮೊಬೈಲೂ ಇತ್ತು. ಇನ್ನೆಂತ ಬೇಕು?" ಸಂಜೆ ಹೊತ್ತು ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುವಾಗ ಮಾತ್ರ ಅವರು ನಗುವುದಿಲ್ಲ. ನೋವು ಕಡಿಮೆಯಾಗಿಲ್ಲ. ಕಟ್ಟೆಗೆ ಕೆಸರು ಮೆತ್ತುವ ಕೈಗಳು ಊರಲ್ಲಿ ಕಡಿಮೆಯಾಗುತ್ತಿವೆ ಎಂಬುದೂ ಅವರಿಗೆ ಗೊತ್ತು.

ಈಗ ಹಲಗೆಗಳೆಲ್ಲ ಮೇಲೆ ಬಂದಿವೆ. ಮಳೆನೀರು ಕೆಂಪಗೆ, ದುಡುದುಡು ಹೊಳೆಗೆ ಓಡುತ್ತಿದೆ. ಸಸಿಗಳ ಕುತ್ತಿಗೆ, ಎದೆ ಒಂದೊಂದಾಗಿ ಹೊರಗೆ ಕಾಣುತ್ತಿವೆ. ಬೀರಾ ಚಾ ಕುಡಿದು, ಬ್ಯಾಟರಿ ಕಂಕುಳಲ್ಲಿಟ್ಟು, ಹಾಲು ಕರೆಯಲು ಕಟ್ಟೆಯ ಮೇಲೆ ವಾಪಸು ಹೊರಟಿದ್ದಾರೆ.

ಆ ಗಾಡಿ ಬೇಡವೆಂದದ್ದಕ್ಕೆ ಬೇಸರವಿಲ್ಲವೇ? ಸೋಮಕ್ಕ ಹೋಗುತ್ತಿರುವ ಕೊಪ್ಪೆಯನ್ನೇ ನೋಡುತ್ತಾರೆ.

"ಕಟ್ಟೆ ಮೇಲಿನ ಕಾಲ್ದಾರಿ ಒಬ್ರಿಗೇ ಸಾಕಾಗೂದು. ಮದುವೆ ಆದಲ್ಲಿಂದ ಅವ್ರು ಮುಂದೆ, ನಾ ಹಿಂದೆ. ನಾ ಕಂಡದ್ದು ಬರೇ ಬೆನ್ನು. ಆ ಗಾಡಿ ಮೇಲೆ ಕೂತ್ರೂ ಅದೇ ಬೆನ್ನು," ಎನ್ನುತ್ತಾರೆ. "ಈಗ ದಿನಾ ಬೆಳಿಗ್ಗೆ ನಾ ಇಲ್ಲಿ ಕೂತಿರ್ತೆ, ಅವ್ರು ಎದ್ರಿಂದ ಬರ್ತ್ರು. ದೀಪದ ಬೆಳಕಲ್ಲಿ ಮೊದ್ಲ ದಿನ ಮೋರೆ ಕಂಡು ನಂಗೆ ಅಳುನೇ ಬಂತು. ಎಷ್ಟು ಮುದುಕ ಆಗೋಗಿದ್ದಾರೆ! ನಂಗೆ ಗೊತ್ತೇ ಇರ್ಲಿಲ್ಲ."