ಸನಯ್ಯಾದಲ್ಲಿ ಒಡೆದ ಮಂಜುಗಡ್ಡೆ

ವಾರಂಟಿ ಇಲ್ಲದ ಮಾತನ್ನು ನಾನು ನಂಬುವವನಲ್ಲ. ದೆವ್ವ ಕಂಡೆ, ಯಾರೋ ಕರೆದ ಹಾಗಾಯಿತು ಎಂದು ಹೇಳಿಕೊಂಡು ಬಂದವರನ್ನು ‘ಬಿಲ್ ಉಂಟಾ?’ ಎಂದು ಕೇಳಿ ನಗುತ್ತಿದ್ದೆ. ಗಂಗೊಳ್ಳಿಯಿಂದ ಬರಿಗೈಯಲ್ಲಿ ದೋಹಾಕ್ಕೆ ಬಂದು, ಹಳೆಯ ಹಡಗಿನ ಸಾಮಾನು ಕೊಂಡು ಮಾರಿ ನೆಲೆ ಕಂಡವನು ನಾನು. ಬಣ್ಣ ನೋಡಿ ಮಾಲು ಕೊಳ್ಳಬೇಡಿ, ತಟ್ಟಿ ನೋಡಿ ಎಂಬುದು ಎಲ್ಲರಿಗೂ ನಾನು ಕೊಡುವ ಬುದ್ಧಿವಾದ. ಈಗ ಬರೆಯುತ್ತಿರುವುದನ್ನೂ ನೀವು ಹಾಗೆಯೇ ತಟ್ಟಿ ನೋಡಬಹುದು. ನಾನಂತೂ ತಟ್ಟಿ ತಟ್ಟಿ ಸೋತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಅಕ್ಟೋಬರ್. ನನ್ನ ತಮ್ಮ ರಾಘವ ಒಂದು ಸರಕು ಹಡಗಿನಲ್ಲಿ ಡೆಕ್ ಕೆಲಸಕ್ಕಿದ್ದ. ಆ ಹಡಗು ಉತ್ತರ ಧ್ರುವ ಪ್ರದೇಶದ ಕರಾವಳಿಯ ಬಂದರೊಂದಕ್ಕೆ ಯಂತ್ರಗಳನ್ನು ಇಳಿಸಿ ಹಿಂದಿರುಗುತ್ತಿತ್ತು. ಚಳಿಗಾಲ ಆ ವರ್ಷ ಬೇಗ ಬಂದಿತ್ತು. ಅಲ್ಲಿನ ಗಾಳಿಗೆ ಅಲೆಯ ತುಂತುರು ಹಾರಿ ಹಡಗಿನ ಕಂಬ, ಕಟಕಟೆ, ಹಗ್ಗಗಳ ಮೇಲೆ ಬಿದ್ದ ಕ್ಷಣವೇ ಹೆಪ್ಪುಗಟ್ಟುತ್ತದೆ. ಒಡೆದು ತೆಗೆಯದಿದ್ದರೆ ಪದರದ ಮೇಲೆ ಪದರ ಬೆಳೆದು ಹಡಗಿಗೆ ತಲೆಭಾರವಾಗುತ್ತದೆ. ತಲೆಭಾರವಾದ ಹಡಗು ಒಂದು ದೊಡ್ಡ ಅಲೆಗೆ ಮಗುಚುತ್ತದೆ. ಇದಕ್ಕೆ ಯಂತ್ರವೇನೂ ಇಲ್ಲ, ಮರದ ಕೊಡತಿ ಹಿಡಿದು ಮನುಷ್ಯರೇ ಕುಟ್ಟಬೇಕು.

ಕೊನೆಯ ಸಲ ಫೋನ್ ಮಾಡಿದಾಗ ರಾಘವ ನಗುತ್ತಲೇ ಇದ್ದ. “ಹ್ವಾಯ್ ಅಣ್ಣಯ್ಯ, ಇಲ್ಲಿ ನೀರ್ ಬಿದ್ದಲ್ಲೇ ಗಟ್ಟಿ ಆತ್ತ್. ಕೊಡತಿ ಹಿಡ್ಕಂಡ್ ಕುಟ್ಟುದೇ ಕೆಲ್ಸ. ನಾನ್ ‘ಐಸಾ’ ಅಂದ್ ಕೂಗ್ರೆ, ಈ ಫಿಲಿಪಿನೋದವ್ರ್ ‘ಯೆಸ್ ಯೆಸ್, ಐಸ್!’ ಅಂದ್ಕಂಡ್ ಕುಟ್ತ್ರ್!”

“ನಿನ್ ಮೇಸ್ತ್ರಿಕೆ ಸಾಕ್, ಮೊದ್ಲ್ ಟೊಪ್ಪಿ ಎಳ್ಕಂಡ್ ಕೆಮಿ ಮುಚ್ಕೋ” ಎಂದು ಗದರಿದೆ. ಅದೇ ಕೊನೆ. ಆಮೇಲೆ ಹಡಗಿನಿಂದ ಸುದ್ದಿ ನಿಂತುಹೋಯಿತು.

ಐಸಾ ಎಂದರೇನೆಂದು ಕಡಲ ತಡಿಯವರಿಗೆ ಹೇಳಬೇಕಾಗಿಲ್ಲ. ಊರಿನಲ್ಲಿ ಹತ್ತಾರು ಜನ ಸೇರಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಒಬ್ಬ ಕೂಗು ಎತ್ತುತ್ತಾನೆ, ಉಳಿದವರು ಐಸಾ ಎಂದು ಎಳೆಯುತ್ತಾರೆ. ಆ ಕೂಗು ಕೇಳಿದವನು ಸುಮ್ಮನೆ ನಿಲ್ಲುವಂತಿಲ್ಲ. ಮದುವೆಗೆ ಹೊರಟವನಾದರೂ ಪಂಚೆ ಎತ್ತಿಕಟ್ಟಿ ಹಗ್ಗಕ್ಕೆ ಕೈ ಕೊಡಬೇಕು. ನಮ್ಮ ಅಪ್ಪ ನಮಗೆ ಬೇರೆ ಯಾವ ಮಂತ್ರವನ್ನೂ ಕಲಿಸಲಿಲ್ಲ.

ರಾಘವನ ಹೆಂಡತಿ ರೇಖಾ ಅಲ್ ಖೋರ್ ಪಟ್ಟಣದಿಂದ ದೋಹಾದ ಬಿನ್ ಒಮ್ರಾನ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದು ಉಳಿದಳು. ನಾನು ಹೊರಗೆ ಹೋಗಿ ಬಂದಾಗಲೆಲ್ಲ ಬಾಗಿಲಲ್ಲೇ ನಿಂತಿರುತ್ತಿದ್ದಳು. “ಭಾವಯ್ಯ, ಎಂತಾರೂ ಗೊತ್ತಾಯ್ತಾ?”

“ಆಂಟೆನಾಕ್ಕೆ ಐಸ್ ಹಿಡ್ದಿರ್ಕ್, ಅಷ್ಟೇ” ಎನ್ನುತ್ತಿದ್ದೆ. ಅಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹಗಲೆಲ್ಲ ಮೊಬೈಲಿನಲ್ಲಿ ಆ ಕರಾವಳಿಯ ಕಡಲ ಹವಾಮಾನ ನೋಡುತ್ತಿದ್ದೆ. ಈಶಾನ್ಯದಿಂದ ಬಿರುಗಾಳಿ. ತುಂತುರು ಹೆಪ್ಪುಗಟ್ಟುವ ಎಚ್ಚರಿಕೆ, ತೀವ್ರ. ನೀರಿನಿಂದ ಏಳುವ ಹೊಗೆಯಲ್ಲಿ ಏನೂ ಕಾಣದ ಸ್ಥಿತಿ. ಜೀವಮಾನವಿಡೀ ಚೌಕಾಸಿ ಮಾಡಿದ ನಾನು ಆ ಪರದೆಯ ಎದುರೂ ಚೌಕಾಸಿಗೆ ಇಳಿದೆ. ಗಾಳಿಯನ್ನು ಸ್ವಲ್ಪ ಇಳಿಸು, ಪೂರ್ತಿ ಬೇಡ, ಸ್ವಲ್ಪ. ಚಳಿ ಇರಲಿ, ಅಲೆ ಕಡಿಮೆ ಮಾಡು. ಪ್ರತಿ ಸಲ ಹೊಸ ವರದಿ ಬಂದಾಗಲೂ ಅದೇ ಈಶಾನ್ಯ, ಅದೇ ತೀವ್ರ.

ಒಂದು ಮಧ್ಯಾಹ್ನ ಸನಯ್ಯಾದ, ಅಂದರೆ ಇಂಡಸ್ಟ್ರಿಯಲ್ ಏರಿಯಾದ, ನನ್ನ ಯಾರ್ಡಿನಿಂದ ಹಡಗಿನ ಏಜೆಂಟನಿಗೆ ಫೋನ್ ಮಾಡಿದೆ. ಹೊಸದೇನೂ ಇಲ್ಲ ಎಂದ ಅವನು ಮಾತು ಮುಗಿಸಲು “ಖಲಾಸ್, ಹಬೀಬಿ?” ಎಂದ. ಮುಗಿಯಿತಲ್ಲ ಎನ್ನಲು ದಿನಕ್ಕೆ ಎಷ್ಟೋ ಸಲ ನಾನೇ ಆಡುವ ಮಾತು. ಅವತ್ತು ಅದು ತಮ್ಮನ ಬಗ್ಗೆಯೇ ಹೇಳಿದ ಹಾಗೆ ಕೇಳಿತು. ಅಲ್ಲಿದ್ದ ಹಳೆಯ ಮೀನಿನ ಫ್ರೀಜರ್ ಕಂಟೇನರಿನ ನೆರಳಿನಲ್ಲಿ ಹೋಗಿ ಕುಳಿತೆ.

ಆಗ ಕಂಟೇನರಿನ ಒಳಗಿನಿಂದ ಕೂಗು ಕೇಳಿತು. ಐಸಾ.

ಕಿವಿಯ ಭ್ರಮೆ ಎಂದುಕೊಂಡೆ. ಮತ್ತೆ ಕೇಳಿತು, ದಣಿದ ದನಿ, ಕೂಗಿನ ನಡುವೆ ಉಸಿರು ಕಟ್ಟುತ್ತಿತ್ತು. ರಾಘವನದೇ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಎದ್ದು ಬಾಗಿಲಿನ ಸಲಾಕೆ ಎಳೆದೆ.

ಒಳಗೆ ಯಾರೂ ಇರಲಿಲ್ಲ. ಎಡಗಡೆಯ ಗೋಡೆಯಿಡೀ ಬಿಳಿಯಾಗಿತ್ತು. ಮೊಣಕೈ ಉದ್ದದ ಮಂಜುಗಡ್ಡೆ, ಗಾಳಿಯ ರಭಸಕ್ಕೆ ಒಂದೇ ದಿಕ್ಕಿಗೆ ಬಾಗಿ ಬೆಳೆದ ಹಾಗೆ. ಆ ಕಂಟೇನರಿಗೆ ಕರೆಂಟು ಕೊಡದೆ ಬಹಳ ಕಾಲವಾಗಿತ್ತು, ಅದರ ಮೋಟಾರನ್ನೇ ಬಿಚ್ಚಿ ಮಾರಿದ್ದೆ. ಹೊರಗೆ ತಗಡು ಮುಟ್ಟಿದರೆ ಕೈ ಸುಡುವ ಬಿಸಿಲು.

ಯೋಚಿಸಲು ನಿಲ್ಲಲಿಲ್ಲ. ಪಕ್ಕದ ರಾಶಿಯಿಂದ ಒಂದು ಕೊಡತಿ ಎಳೆದುಕೊಂಡು ಒಳನುಗ್ಗಿ ಕುಟ್ಟತೊಡಗಿದೆ. ಕೂಗು ಬಂದಾಗಲೆಲ್ಲ ಐಸಾ ಎಂದು ಮರುಕೂಗು ಕೊಟ್ಟು ಕುಟ್ಟಿದೆ. ಬಿಡಬೇಡ ರಾಘು, ನಾನಿದ್ದೇನೆ, ಹೊಡಿ ಎಂದು ಏನೇನೋ ಅರಚಿದೆ. ಅಂಗೈ ಒಡೆದು ರಕ್ತ ಬಂತು.

ಸದ್ದು ಕೇಳಿ ಫೋರ್ಕ್‌ಲಿಫ್ಟ್ ಓಡಿಸುವ ಉಳ್ಳಾಲದ ಅಶ್ರಫ್ ಓಡಿ ಬಂದ. “ಎಂತ ಸೇಟ್ರೆ ಇದು? ಯಾರನ್ನು ಕರೀತಿದ್ದೀರಿ?”

“ಕೇಳ್ತಾ ಇಲ್ವಾ ನಿಂಗೆ?”

“ನಿಮ್ಮ ಬೊಬ್ಬೆ ಒಂದೇ ಕೇಳುದು.” ಅಷ್ಟು ಹೇಳಿ ಗೋಡೆ ನೋಡಿದವನೇ “ಯಾ ಅಲ್ಲಾ” ಎಂದ. ಇನ್ನೊಂದು ಕೊಡತಿ ತಂದ. “ಯಲ್ಲಾ, ಶುರು ಮಾಡುವ, ನೀವು ಮೇಲೆ ಹೊಡೀರಿ, ಕೆಳಗೆ ನಾನು ನೋಡ್ತೇನೆ.” ಇಬ್ಬರೂ ಕುಟ್ಟಿದೆವು. ಕೊನೆಯ ತುಂಡು ಬೀಳುವ ಹೊತ್ತಿಗೆ ಕೂಗು ನಿಂತಿತ್ತು. ಅಶ್ರಫ್ ಒಂದು ಚೂರನ್ನು ನಾಲಗೆಗೆ ತಾಗಿಸಿ ಉಗಿದ. “ಉಪ್ಪು, ಸೇಟ್ರೆ. ಕಡಲಿನ ನೀರು.”

ಮರುದಿನ ಏಜೆಂಟನ ಫೋನು ಬಂತು. ಹಡಗು ಸಿಕ್ಕಿದೆ, ಎಲ್ಲರೂ ಜೀವಂತ. ರೇಖಾ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು.

ವಾರ ಕಳೆದು ಆಸ್ಪತ್ರೆಯಿಂದ ರಾಘವ ಮಾತಾಡಿದ. ದನಿ ಪೂರ್ತಿ ಬಿದ್ದುಹೋಗಿತ್ತು. ಕುಟ್ಟಿ ಕುಟ್ಟಿ ಸೋತು, ಕ್ಯಾಪ್ಟನ್ ಎಲ್ಲರನ್ನೂ ಒಳಗೆ ಕರೆದನಂತೆ. ಹಡಗು ಎಡಕ್ಕೆ ವಾಲಿ ನಿಂತಿತ್ತು. ಲೈಫ್‌ಜಾಕೆಟ್ ತೊಟ್ಟು, ಮಗುಚುವುದನ್ನೇ ಕಾಯುತ್ತ ಕುಳಿತಿದ್ದರಂತೆ. ಆಮೇಲೆ ಹಡಗು ನಿಧಾನವಾಗಿ ತಾನೇ ನೆಟ್ಟಗಾಯಿತು. ಹೊತ್ತು ಕೇಳಿ ತಾಳೆ ಹಾಕಿದೆ. ನಾನು ಕಂಟೇನರಿನಲ್ಲಿ ಕುಟ್ಟಿದ ಅದೇ ಮಧ್ಯಾಹ್ನ. ಗಾಳಿ ತಿರುಗಿರಬೇಕು ಎಂದು ಕ್ಯಾಪ್ಟನ್ ಬರೆದುಕೊಂಡನಂತೆ. ಆ ಹೊತ್ತಿನ ವರದಿ ನಾನು ನೋಡಿದ್ದೆ, ಗಾಳಿ ತಿರುಗಿರಲಿಲ್ಲ.

“ಆಗ ಹೊರ್ಗ್ ಯಾರ್ ಕೂಗ್ತಿದ್ರ್?” ಎಂದು ಕೇಳಿದೆ.

“ಯಾರೂ ಇಲ್ಲೆ ಅಣ್ಣಯ್ಯ. ನಂಗಂತೂ ಹಿಂದಿನ್ ದಿನದಿಂದ್ಲೇ ಸ್ವರ ಇರ್ಲಿಲ್ಲೆ. ಎಂತಕ್ಕೆ ಕೇಂತ್ರಿ?”

ಏನಿಲ್ಲ ಎಂದೆ. ಹಳೆಯ ಮೀನಿನ ಕಂಟೇನರು, ಉಪ್ಪು ಇದ್ದೀತು ಎಂದು ಹೇಳಿದವರಿದ್ದಾರೆ. ಬಿಸಿಲು ತಲೆಗೆ ಹತ್ತಿರಬೇಕು ಎಂದವರೂ ಇದ್ದಾರೆ. ಬೇರೆ ಯಾರಾದರೂ ಈ ಕತೆ ತಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅವತ್ತು ಕೇಳಿದ್ದು ತಮ್ಮನ ದನಿಯೇ ಎಂದು ನಾನು ಈಗಲೂ ಯಾರ ಎದುರೂ ಹೇಳಬಲ್ಲೆ. ಅದು ಅವನದಲ್ಲ ಎಂದು ಅವನೇ ಹೇಳುತ್ತಾನೆ. ನಾನು ಯಾರಿಗೆ ಮರುಕೂಗು ಕೊಟ್ಟೆನೋ, ನನಗೆ ಗೊತ್ತಿಲ್ಲ.